ಕೊಳವೆಯ ಮೇಲಿನ ಮೂರು ಗೆರೆ

ಕೊಳವೆಯ ನಡುಭಾಗದಲ್ಲಿ ಮೂರು ಬಿಳಿ ಗೆರೆಗಳಿದ್ದವು. ಅಡ್ಡಡ್ಡ, ಒಂದರ ಕೆಳಗೊಂದು, ನಡುವಿನದು ಉಳಿದೆರಡಕ್ಕಿಂತ ದಪ್ಪ. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಗಾಜೇ ಅಲ್ಲಿ ಹಾಲಿನಂತೆ ಮಂಕಾಗಿತ್ತು. ನಡುವಿನ ಗೆರೆಗುಂಟ ಕೊಳವೆ ಸೀಳಿತ್ತು.

ಗೋಕಾಕದ ಕಾಲೇಜಿನ ಪ್ರಯೋಗಾಲಯದಲ್ಲಿ ಕುಲುಮೆ ತಣ್ಣಗಾದ ಮೇಲೆ ನಾನು ಕಂಡದ್ದು ಇದು. ಗೋಬರ್ ಗ್ಯಾಸಿನಲ್ಲಿರುವ ಮಿಥೇನ್, ಇಂಗಾಲದ ಡೈಆಕ್ಸೈಡ್ ಎರಡೂ ಭೂಮಿಯನ್ನು ಬಿಸಿ ಮಾಡುವ ಅನಿಲಗಳು. ಅವನ್ನು ಇಂಧನ ತಯಾರಿಸಲು ಬರುವ ಅನಿಲವಾಗಿ ಬದಲಿಸುವ ಪುಡಿಯೊಂದನ್ನು ನಾನು ಮಾಡಿದ್ದೆ. ಕಣ್ಣಿಗೆ ಕಾಣದಷ್ಟು ಸಣ್ಣ ನಿಕಲ್ ಕಣಗಳನ್ನು, ಒಂದಕ್ಕೊಂದು ಅಂಟಿಕೊಳ್ಳದಂತೆ, ಪಿಂಗಾಣಿಯಂಥ ವಸ್ತುವಿನ ರಂಧ್ರಗಳಲ್ಲಿ ಕೂರಿಸಿದ್ದೆ. ಇಂಥ ಪುಡಿಗಳು ಬೇಗ ಮಸಿ ಹಿಡಿದು ಸಾಯುತ್ತವೆ. ನನ್ನದು ವಾರವಿಡೀ ಕೆಂಡದ ಬಿಸಿಯಲ್ಲಿ ಬದುಕುತ್ತದೆ ಎಂದು ತೋರಿಸಿದರೆ ಮಾತ್ರ ನನ್ನ ಪ್ರಬಂಧಕ್ಕೆ ಅರ್ಥವಿತ್ತು. ಈಗ ಸೀಳಿನಿಂದ ಗಾಳಿ ನುಗ್ಗಿ ಕೊಳವೆಯೊಳಗಿನ ಕಪ್ಪು ಪುಡಿ ಕೆಟ್ಟು ಹಸಿರಾಗಿತ್ತು.

ಮಾರ್ಗದರ್ಶಕರು ಬಗ್ಗಿ ನೋಡಿದರು. "ಏನ್ರಿ ಇದು, ನಿಮ್ಮ ಕೊಳವಿಗೆ ಯಾವ ಸ್ವಾಮಿಗೋಳು ದೀಕ್ಷಾ ಕೊಟ್ರು?"

ನನಗೆ ನಗು ಬರಲಿಲ್ಲ. ಬೆಳಗಾವಿಯಲ್ಲಿ ಮಾಡಿಸಿದ ಆ ಕೊಳವೆಯನ್ನು ತರುವಾಗ ದಾರಿಯಲ್ಲಿ ಹುಕ್ಕೇರಿಯ ನಮ್ಮ ಮನೆಯಲ್ಲಿ ಉಳಿದಿದ್ದೆ. ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ಆ ಗಾಜಿನ ಕೊಳವಿಗೆ ಏನರ ಹಚ್ಚಿದ್ದೇನು?"

"ಇಬತ್ತಿ ಹಚ್ಚಿದ್ನಿ. ಹೊಸಾ ಸಾಮಾನು ಮನೀಗೆ ಬಂದ್ರ ಹಂಗ ಬಿಡ್ತಾರೇನು?"

"ನನಗ್ಯಾಕ ಹೇಳಲಿಲ್ಲ?"

"ನೀ ಬೈತಿ ಅಂತ ಸೆರಗಿಲೆ ಒರಿಸಿಟ್ನಿ. ಒಂದು ಚೂರೂ ಉಳಿದಿದ್ದಿಲ್ಲ. ಗಾಜಿಗೂ ನೆನಪ ಇರತೈತೇನು?"

ಇರುತ್ತದೆ. ಕಾಣದಷ್ಟು ವಿಭೂತಿ ಉಳಿದರೂ ಆ ಬಿಸಿಯಲ್ಲಿ ಅದು ಗಾಜಿನೊಳಗೆ ಇಳಿದು, ಅದನ್ನು ಮಂಕಾಗಿಸಿ ಸೀಳುತ್ತದೆ. ಬೆರಳಿನ ಬೆವರೂ ಹಾಗೆಯೇ. ಇದನ್ನು ನಾನು ಓದಿದ್ದೆ. ಓದಿದ್ದು ಅವ್ವನ ಮೂರು ಬೆರಳಿನ ಗುರುತಾಗಿ ಎದುರಿಗೆ ಬಂದೀತೆಂದು ಎಣಿಸಿರಲಿಲ್ಲ.

"ಒಡೀತೇನು?" ಅವ್ವ ಸಣ್ಣ ದನಿಯಲ್ಲಿ ಕೇಳಿದಳು.

"ಇಲ್ಲ. ಸುಮ್ನ ಕೇಳಿದ್ನಿ" ಎಂದೆ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿದಾಗ, ಕೋಣೆಯ ಗೂಡಿನಲ್ಲಿದ್ದ ವಿಭೂತಿಯ ಕಡೆಗೆ ಅಭ್ಯಾಸದಂತೆ ಕೈ ಹೋಯಿತು. ಚಿಕ್ಕಂದಿನಿಂದ ಒಂದು ದಿನವೂ ಬಿಟ್ಟಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡೆ. ಬರಿ ಹಣೆಯಲ್ಲೇ ಕಾಲೇಜಿಗೆ ಹೋಗಿ, ಬೇರೊಂದು ಕೊಳವೆಯನ್ನು ಸ್ಪಿರಿಟ್ ಹಾಕಿ ಒರೆಸಿ, ಬಳಸದೆ ಉಳಿದಿದ್ದ ಪುಡಿಯನ್ನು ಅದರಲ್ಲಿ ತುಂಬಿದೆ.