ಓಲೆಯಿಲ್ಲದ ಒಂದು ವರ್ಷ

ನಮ್ಮಮ್ಮನ ಬಲಗಿವಿಯ ಮೇಲಂಚಿನಲ್ಲಿ ಒಂದು ಗಂಟಿತ್ತು. ನುಣ್ಣಗೆ ಹೊಳೆಯುತ್ತ ನೇರಳೆ ಹಣ್ಣಿನ ಗಾತ್ರಕ್ಕೆ ಬೆಳೆದು ಕೂತಿತ್ತು. ಮದುವೆಯಾದ ಹೊಸದರಲ್ಲಿ ಬುಗುಡಿ ಹಾಕಿಕೊಳ್ಳುವ ಆಸೆಗೆ ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡಳಂತೆ. ಗಾಯ ಮಾಯಿತು, ಮಾಯ್ದ ಮೇಲೆ ಬೆಳೆಯತೊಡಗಿತು. ಯಾರೋ ಕತ್ತರಿಸಿ ಹಾಕಿದರು, ಎರಡರಷ್ಟಾಗಿ ಮತ್ತೆ ಬಂತು. ಅಲ್ಲಿಂದಾಚೆಗೆ ಅಮ್ಮ ಕಿವಿಯ ಮೇಲೆ ಸೆರಗು ಎಳೆದುಕೊಂಡೇ ಬದುಕಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುತ್ತಿರಲಿಲ್ಲ, ಗಾಳಿಗೆ ಸೆರಗು ಹಾರೀತು ಅಂತ. ಚಿಕ್ಕವಳಿದ್ದಾಗ ನಾನು ಅದನ್ನು ಮುಟ್ಟಲು ಹೋದರೆ ಕೈ ಮೇಲೆ ಫಟ್ಟನೆ ಹೊಡೆಯುತ್ತಿದ್ದಳು. ಬೇರೆ ಯಾವುದಕ್ಕೂ ಅವಳು ನನ್ನನ್ನು ಹೊಡೆದವಳಲ್ಲ.

ಹಾಗಾಗಿ ನನ್ನ ಕಿವಿ ಹರಿದ ದಿನ ಮೊದಲು ನೆನಪಾದದ್ದು ಆ ಗಂಟೇ. ನೋವು ಆಮೇಲೆ ಗೊತ್ತಾಯಿತು.

ಆಗ ನಾವಿದ್ದದ್ದು ಅರಸೀಕೆರೆಯಲ್ಲಿ, ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ನಯಾ ಪೈಸೆ ಬಂದ ಹೊಸತು. ನಮ್ಮ ಯಜಮಾನರು ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು, ಹಾಲು ಕುಡಿಯುವ ಮಗಳು, ಮತ್ತು ನಮ್ಮತ್ತೆ. ಮದುವೆಯಲ್ಲಿ ಇಟ್ಟ ಕೆಂಪಿನ ಓಲೆ, ಅದರ ಕೆಳಗೆ ಜೋತಾಡುವ ಜುಮುಕಿ, ಇವೆರಡರ ಭಾರಕ್ಕೆ ಹಾಲೆಯ ತೂತು ಮೊದಲೇ ಇಳಿಬಿದ್ದಿತ್ತು. ಒಂದು ಮಧ್ಯಾಹ್ನ ಮಗಳು ಹಾಲು ಕುಡಿಯುತ್ತ ಆಟಕ್ಕೆ ಜುಮುಕಿ ಹಿಡಿದು ಜಗ್ಗಿದಳು. ಎಡಗಿವಿಯ ಹಾಲೆ ಎರಡು ಸೀಳಾಗಿಹೋಯಿತು. ಮಗು ನಗುತ್ತಲೇ ಇತ್ತು, ಅದಕ್ಕೇನು ಗೊತ್ತು ಪಾಪ.

ಗಾಯ ಒಣಗಲಿ, ಆಮೇಲೆ ಸೀಳನ್ನು ಸೇರಿಸಿ ಹೊಲಿಯೋಣ ಅಂದರು ಡಾಕ್ಟರು. ಅಷ್ಟರಲ್ಲಿ ಅಮ್ಮ ಬೇಲೂರಿನಿಂದ ಬಂದಳು. ಹೊಲಿಗೆಯ ದಿನ ಅವಳೂ ಆಸ್ಪತ್ರೆಗೆ ಬಂದು ಮೂಲೆಯಲ್ಲಿ ಕೂತಿದ್ದಳು. ಡಾಕ್ಟರ ಕಣ್ಣು ಅದೇಕೋ ಅವಳ ಸೆರಗಿನ ಮೇಲೇ ಹೋಯಿತು.

“ತಾಯೀ, ಸ್ವಲ್ಪ ಸೆರಗು ಸರಿಸಿ.”

ಅಮ್ಮ ನೆಲ ನೋಡುತ್ತ ಸರಿಸಿದಳು. ಡಾಕ್ಟರು ಕೈಲಿದ್ದ ಕತ್ತರಿಯನ್ನು ತಟ್ಟೆಗೆ ಹಾಕಿ, “ಇದನ್ನ ಮೊದಲೇ ಹೇಳಬಾರದೇನಮ್ಮ?” ಎಂದು ನನ್ನನ್ನು ಗದರಿದರು. ಕೆಲವರ ಮೈಗೆ ಗಾಯ ಮುಚ್ಚಿದ್ದು ಸಾಕು ಅಂತ ಗೊತ್ತಾಗುವುದೇ ಇಲ್ಲವಂತೆ, ಮಾಂಸ ಬೆಳೆಸುತ್ತಲೇ ಹೋಗುತ್ತದಂತೆ. ಕೀಲಾಯ್ಡ್ ಅನ್ನುತ್ತಾರಂತೆ. ತಾಯಿಗಿದ್ದರೆ ಮಗಳಿಗೂ ಬರಬಹುದಂತೆ.

“ಚಿಕ್ಕೋಳಿದ್ದಾಗ ಚುಚ್ಚಿಸಿದ್ರು, ಏನೂ ಆಗಲಿಲ್ಲವಲ್ಲ ಡಾಕ್ಟ್ರೇ?”

“ಕೂಸಿನ ಚರ್ಮ ಬೇರೆ, ಈ ವಯಸ್ಸಿನ ಚರ್ಮ ಬೇರೆ. ಹೊಲಿಯೋದು ನನ್ನ ಕೆಲಸ, ಹೊಲೀತೀನಿ. ಆಮೇಲಿಂದು ನಿಮ್ಮ ಕೈಲಿದೆ.”

ಕೆರೆಯಬಾರದು. ಅರಿಶಿನ, ಎಣ್ಣೆ ಏನನ್ನೂ ಮೆತ್ತಬಾರದು. ತೂತಾಗಲೆಂದು ಬೇವಿನ ಕಡ್ಡಿ ಗಿಡ್ಡಿ ಸಿಕ್ಕಿಸಿದರೆ ತಮ್ಮ ಹತ್ತಿರ ಬರಲೇಬಾರದು. ಒಂದು ವರ್ಷ ಚುಚ್ಚುವ ಮಾತೇ ಇಲ್ಲ. ಆಮೇಲೂ ತಮ್ಮನ್ನು ಕೇಳದೆ ಇಲ್ಲ. ಗಾಯ ಪೂರ್ತಿ ಮಾಯ್ದ ಮೇಲೆ ಹಾಲೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವಂಥದೇನಾದರೂ ಹಾಕಿಕೊಳ್ಳಬೇಕು, ಒತ್ತಡವಿದ್ದರೆ ಮಾಂಸ ಎದ್ದೇಳುವುದು ಕಡಿಮೆ. ಹಾಗಂತ ಹಾಲೆ ಬಿಳಿಚಿಕೊಳ್ಳುವಷ್ಟು ಬಿಗಿ ಬೇಡ. ತುರಿಕೆ ಹತ್ತಿತು, ಗಟ್ಟಿಯಾಯಿತು ಅನ್ನಿಸಿದರೆ ಅವತ್ತೇ ಬರಬೇಕು.

“ಇಷ್ಟೆಲ್ಲ ಮಾಡಿದ್ರೆ ಗಂಟು ಬರಲ್ಲ ತಾನೇ?” ಎಂದೆ.

“ಬರದೇ ಇರಬಹುದು,” ಎಂದರು ಡಾಕ್ಟರು. ಅಯ್ಯೋ ದೇವರೇ, ಖಂಡಿತ ಬರಲ್ಲ ಹೋಗಮ್ಮ ಅಂತ ಒಂದು ಸುಳ್ಳಾದರೂ ಹೇಳಬಾರದಿತ್ತೇ ಆ ಮನುಷ್ಯ.

ಮನೆಗೆ ಬಂದರೆ ಇನ್ನೊಂದು ಭಯ ಹೊಸ್ತಿಲಲ್ಲೇ ಕೂತಿತ್ತು. ನನ್ನ ಬಲಗಿವಿಯಲ್ಲಿ ಓಲೆ, ಎಡಗಿವಿ ಬೋಳು. ಒಂದು ವರ್ಷ ಹೀಗೇ ಇರಬೇಕು ಅಂದದ್ದೇ ತಡ, ಅತ್ತೆಯ ಮುಖ ಕಪ್ಪಿಟ್ಟಿತು.

“ಒಂದು ಕಿವಿ ಮುತ್ತೈದೆ, ಇನ್ನೊಂದು ಕಿವಿ ಮುಂಡೆ. ಚೆನ್ನಾಗಿದೆ ಕಣೇ ನಿಮ್ಮ ಡಾಕ್ಟರ ಮಾತು!”

ನಮ್ಮತ್ತೆಯ ಬಾಯಿ ದೊಡ್ಡದು, ನನ್ನದೇನೂ ಚಿಕ್ಕದಲ್ಲ. ನನಗೂ ರೇಗಿಹೋಯಿತು. “ನನ್ನ ಕಿವಿ ಕೊಳೆತುಹೋದ್ರೂ ಚಿಂತೆಯಿಲ್ಲ ಅಲ್ವೇ ನಿಮಗೆ?” ಎಂದುಬಿಟ್ಟೆ. ಎರಡು ದಿನ ಅಡುಗೆಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಮೂರನೆಯ ದಿನ ಅಕ್ಕಿಯಲ್ಲಿ ಕಲ್ಲು ಆರಿಸುತ್ತ, ತಲೆಯೆತ್ತದೆ, ಅತ್ತೆ ಹೇಳಿದರು. ನಮ್ಮ ಮಾವನವರು ಹಳೇಬೀಡಿನಲ್ಲಿ ಮೇಷ್ಟರಾಗಿದ್ದರು. ಒಂದು ಸಲ ಅತ್ತೆಯ ಓಲೆಯ ಕಲ್ಲು ಅಲುಗಾಡುತ್ತಿದೆಯೆಂದು ಎರಡೂ ಓಲೆ ಬಿಚ್ಚಿ ಅಕ್ಕಸಾಲಿಗೆ ಕೊಟ್ಟಿದ್ದರಂತೆ. ಅದೇ ವಾರ ಮಾವನವರಿಗೆ ಜ್ವರ ಬಂತು. ಓಲೆ ಮನೆಗೆ ಬರುವ ಮುಂಚೆ ಅವರು ಹೋಗಿಬಿಟ್ಟರು.

“ನನ್ನ ಬರಿಗಿವಿ ಅವರನ್ನ ನುಂಗಿತು ಕಣೇ. ಈಗ ಇರೋದು ಒಬ್ಬ ಮಗ.”

ಅಲ್ಲಿಂದ ನನಗೆ ಎರಡೆರಡು ಹೆದರಿಕೆ. ಬೆಳಿಗ್ಗೆ ಎದ್ದ ತಕ್ಷಣ ಬೆರಳಿನಿಂದ ಹೊಲಿಗೆಯ ಗೀಟು ಮುಟ್ಟಿ ನೋಡುವುದು. ಯಜಮಾನರು ಆಫೀಸಿಗೆ ಹೊರಟರೆ ಬೀದಿ ತಿರುಗುವವರೆಗೂ ನೋಡುತ್ತ ನಿಲ್ಲುವುದು. ಒಂದು ದಿನ ಗೀಟಿನೊಳಗೆ ಅಕ್ಕಿಕಾಳಿನಷ್ಟು ಗಟ್ಟಿ ಸಿಕ್ಕಿದಂತಾಗಿ, ಒಲೆಯ ಮೇಲಿನ ಅನ್ನವನ್ನೂ ಬಿಟ್ಟು ಆಸ್ಪತ್ರೆಗೆ ಓಡಿದೆ. “ಇದು ಬರೀ ಕಲೆ ಕಣಮ್ಮ, ಗಂಟಲ್ಲ. ಹೀಗೆ ದಿನಾ ಹಿಚುಕಿ ನೋಡಿದ್ರೆ ನೀವೇ ಬರಿಸ್ಕೋತೀರಿ,” ಎಂದು ಡಾಕ್ಟರು ಬೈದು ಕಳಿಸಿದರು. ತುರಿಕೆ ಬಂದಾಗಲಂತೂ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದೆ. ಮಗು ಮಡಿಲಿಗೆ ಹತ್ತಿದರೆ ಮುಖ ಅತ್ತ ತಿರುಗಿಸುತ್ತಿದ್ದೆ. ಹೆತ್ತ ಮಗಳ ಕೈಗೆ ಹೆದರುವ ಕಾಲ ಬಂತಲ್ಲ ಎಂದು ಅಳು ಬರುತ್ತಿತ್ತು.

ಯಜಮಾನರು ಬೆಂಗಳೂರಿನಿಂದ ಚುಚ್ಚದೆ ಕಚ್ಚಿಕೊಳ್ಳುವ ಓಲೆ ತಂದರು. ಡಾಕ್ಟರಿಗೆ ತೋರಿಸಿ, ಒಳಗಡೆ ಮೆತ್ತನೆಯ ಬಟ್ಟೆ ಸುತ್ತಿ ಎಡಗಿವಿಗೆ ಹಾಕಿಕೊಂಡೆ. ಅತ್ತೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. “ಬಟ್ಟೆ ಒಣಹಾಕೋ ಕ್ಲಿಪ್ಪು ಅದು. ಕಿವಿಯೊಳಗೆ ಚಿನ್ನ ಹಾಯಬೇಕು,” ಎಂದರು.

ಗೌರಿ ಹಬ್ಬದ ದಿನ ನಾನು ಪೂಜೆ ಮುಗಿಸಿ ಈಚೆಗೆ ಬಂದರೆ ಪಡಸಾಲೆಯಲ್ಲಿ ಅಕ್ಕಸಾಲಿ ಕೂತಿದ್ದ. ಮುಂದೆ ಚಿನ್ನದ ತಂತಿ, ಒಂದು ಬಟ್ಟಲು ಅರಿಶಿನ.

“ಬನ್ನಿ ಅಮ್ಮಾವ್ರೇ, ಚಿಕ್ಕ ಕೆಲ್ಸ ಐತೆ. ಕಣ್ಣು ಮುಚ್ಚಿ ಬುಡೋದ್ರಾಗೆ ಆಗೋಯ್ತದೆ,” ಎಂದ ಅವನು.

“ಹಬ್ಬದ ದಿನ ಕಣೇ, ಇವತ್ತು ಚುಚ್ಚಿದ್ರೆ ಏನೂ ಆಗಲ್ಲ. ಬಾ, ನನ್ನ ತಾಯಿ,” ಎಂದು ಅತ್ತೆ ಬೇಡಿಕೊಂಡರು. ಬೈದಿದ್ದರೆ ನಾನೂ ಬೈಯಬಹುದಿತ್ತು. ಬೇಡಿಕೊಂಡದ್ದಕ್ಕೆ ಎಡಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಗೋಡೆಗೊರಗಿ ನಿಂತೆ. ಅಷ್ಟರಲ್ಲಿ ಬಾಗಿನದ ಮೊರ ಹೊತ್ತುಕೊಂಡು ಅಮ್ಮ ಒಳಗೆ ಬಂದಳು.

ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮೊರ ಕೆಳಗಿಟ್ಟಳು. ಹೊರಗಿನ ಗಂಡಸಿನ ಎದುರಿಗೇ ಕಿವಿಯ ಮೇಲಿನ ಸೆರಗು ಸರಿಸಿದಳು. ಅತ್ತೆಯ ಕೈ ಹಿಡಿದು ತನ್ನ ಗಂಟಿನ ಮೇಲೆ ಇಟ್ಟುಕೊಂಡಳು. ನನಗೆ ಒಮ್ಮೆಯೂ ಮುಟ್ಟಗೊಡದಿದ್ದ ಗಂಟು.

“ಮುಟ್ಟಿ ನೋಡಿಮ್ಮ. ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಬೇಸಿಗೇಲಿ ಉರಿಯುತ್ತೆ, ಆ ಮಗ್ಗುಲಿಗೆ ಮಲಗೋಕಾಗಲ್ಲ. ಮದುವೆ ಮನೇಲಿ ನಾನು ಬಡಿಸಿದ ಎಲೆ ಬಿಟ್ಟು ಎದ್ದುಹೋದೋರಿದಾರೆ, ಇದೇನೋ ಅಂಟುರೋಗ ಅಂತ. ಇದೂ ಒಂದು ಹಬ್ಬದ ದಿನವೇ ಚುಚ್ಚಿಸಿದ್ದು.”

ಅತ್ತೆ ಕೈ ಎಳೆದುಕೊಳ್ಳಲು ನೋಡಿದರು, ಅಮ್ಮ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಎಳೆಯುವುದನ್ನು ನಿಲ್ಲಿಸಿದರು. “ಇನ್ನೊಂದ್ಸಲ ಬತ್ತೀನಿ ಬುಡಿ,” ಎಂದು ಅಕ್ಕಸಾಲಿ ಗಂಟುಮೂಟೆ ಕಟ್ಟಿದ. ಅತ್ತೆ ಎದ್ದು ಹಿತ್ತಲಿಗೆ ಹೋದವರು ಊಟಕ್ಕೆ ಕರೆದರೂ ಬರಲಿಲ್ಲ. ಆಮೇಲೆ ಅವರು ಚುಚ್ಚಿಸಿಕೋ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ನನ್ನ ಕಿವಿ ನೋಡುವುದನ್ನೂ ಬಿಡಲಿಲ್ಲ.

ದೀಪಾವಳಿ ಕಳೆದ ಮೇಲೆ ಅಮ್ಮನಿಗೆ ಹುಷಾರಿಲ್ಲವೆಂದು ಗೊತ್ತಾಗಿ ಯಜಮಾನರು ನೋಡಿಕೊಂಡು ಬರಲು ಬೇಲೂರಿಗೆ ಹೋದರು. ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಬರಬೇಕಿತ್ತು. ಬರಲಿಲ್ಲ. ಸಂಜೆ ಹಾಲಿನವಳು ಪಾವು ಕೆಳಗಿಡುವ ಮೊದಲೇ, “ಜಾವಗಲ್ ತಾವ ಬೇಲೂರು ಬಸ್ಸು ಮಗುಚ್ಕಂಡೈತಂತೆ ಕಣ್ರವ್ವ, ಸಂತೆಗೋದೋರು ಹೇಳ್ತಿದ್ರು,” ಎಂದಳು.

ಅತ್ತೆ ಜಗುಲಿಯ ಮೇಲೆ ಕುಸಿದು ಕೂತರು. ನನ್ನನ್ನು ಬೈಯಲಿಲ್ಲ. ಅಷ್ಟು ತಿಂಗಳು ಬಿಡದೆ ನೋಡಿದ ನನ್ನ ಕಿವಿಯ ಕಡೆಗೆ ಈಗ ಅವರು ತಿರುಗಲೇ ಇಲ್ಲ. ಅದೇ ನನ್ನ ಜೀವ ಹಿಂಡಿತು. ಒಳಗೆ ಹೋದೆ. ಕನ್ನಡಿಯ ಮುಂದೆ ಕೂತು ಕ್ಲಿಪ್ಪು ಕಿತ್ತೆಸೆದೆ. ರವಿಕೆ ಹೊಲಿಯುವ ಸೂಜಿ ತೆಗೆದು ತುದಿಯನ್ನು ಗೀಟಿನ ಮೇಲಿಟ್ಟೆ. ಗಂಟು ಬರಲಿ, ತೆಂಗಿನಕಾಯಿಯಷ್ಟು ದೊಡ್ಡದು ಬರಲಿ, ಅವರೊಬ್ಬರು ಮನೆಗೆ ಬಂದರೆ ಸಾಕು ಅನ್ನಿಸಿತು.

ಹಿಂದಿನಿಂದ ಬಂದು ಅತ್ತೆ ಮಣಿಕಟ್ಟು ಹಿಡಿದರು.

“ಬೇಡ ಕಣೇ. ನಿಮ್ಮಮ್ಮನ ಕಿವಿ ಮುಟ್ಟಿದೀನಿ ನಾನು.”

“ಬಿಡಿ ಅತ್ತೆ! ಅವರಿಗೇನಾದ್ರೂ ಆಗಿದ್ರೆ?”

“ಆಗಿದ್ರೆ ಆಗಿರುತ್ತೆ. ನಿನ್ನ ಕಿವಿಯಿಂದ ಆಗಿರಲ್ಲ.”

ಹೇಳಿದವರು ಹಾಗೆಯೇ ನಿಂತುಬಿಟ್ಟರು, ತಮ್ಮ ಬಾಯಿಂದ ಬಂದ ಮಾತು ತಮಗೇ ಈಗ ಕೇಳಿಸಿತು ಅನ್ನುವ ಹಾಗೆ. ಹಿಡಿತ ಸಡಿಲವಾಯಿತು. ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, ಚಿಕ್ಕ ಹುಡುಗಿಯ ದನಿಯಲ್ಲಿ ಕೇಳಿದರು.

“ಹಾಗಾದ್ರೆ ಅವತ್ತು ನನ್ನ ಕಿವಿಯಿಂದಲೂ ಆಗಿರಲಿಲ್ಲ, ಅಲ್ವೇನೇ?”

“ಇಲ್ಲ ಅತ್ತೆ. ಜ್ವರದಿಂದ ಆಯ್ತು,” ಎಂದೆ. ಅವರು ಅತ್ತರು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಸೂಜಿಯನ್ನು ನಾನು ಎಲ್ಲಿ ಬೀಳಿಸಿದೆನೋ, ಮಾರನೆಯ ದಿನ ಗುಡಿಸುವಾಗ ಸಿಕ್ಕಿತು.

ಕತ್ತಲಾಗುತ್ತಿದ್ದಂತೆ ಯಜಮಾನರು ತೆಂಗಿನಕಾಯಿ ಲಾರಿಯಲ್ಲಿ ಬಂದಿಳಿದರು. ಬಸ್ಸು ರಸ್ತೆ ಬಿಟ್ಟು ರಾಗಿ ಹೊಲಕ್ಕೆ ವಾಲಿಕೊಂಡಿತ್ತು, ಇವರ ಮೊಣಕೈ ತರಚಿತ್ತು, ಅಷ್ಟೇ. ಬೇಲೂರಿನಲ್ಲಿ ಅಮ್ಮನೂ ಎದ್ದು ಓಡಾಡುತ್ತಿದ್ದಳಂತೆ. “ಇದೇನು, ಇನ್ನೂ ದೀಪ ಹಚ್ಚಿಲ್ಲ?” ಎಂದು ಬಾಗಿಲಲ್ಲೇ ಕೂಗಾಡಿದರು.

ಅತ್ತೆ ಎದ್ದು ದೀಪ ಹಚ್ಚಿದರು. ಮಗನ ಮೊಣಕೈ ನೋಡಿದರು. ಆಮೇಲೆ ದೀಪ ಹಿಡಿದು ನನ್ನ ಹತ್ತಿರ ಬಂದು, ಗಲ್ಲ ಹಿಡಿದು ಮುಖ ತಿರುಗಿಸಿ, ಆ ಬೋಳು ಹಾಲೆಯನ್ನು ಮೊದಲ ಸಲ ಮುಟ್ಟಿದರು. ಸೂಜಿ ತಾಗಿದ ಕಡೆಯೆಲ್ಲ ಬೆರಳಾಡಿಸಿದರು.

“ಮೆತ್ತಗಿದೆ ಕಣೇ,” ಎಂದರು. ಕ್ಲಿಪ್ಪನ್ನು ಹುಡುಕಿ ತಂದು ತಾವೇ ಹಾಕಿದರು.