ಬೆಂಚಿನ ಮುಂದಿನ ಸಾಲು

ಶಿಕಾರಿಪುರದ ಪ್ರೌಢಶಾಲೆಯಿಂದ ನಾನು ನಿವೃತ್ತಳಾದ ದಿನ, ಸಹೋದ್ಯೋಗಿಯೊಬ್ಬರು ಭಾಷಣದಲ್ಲಿ, “ಅಕ್ಕೋರು ಮಕ್ಕಳಿಗೆ ಓದಿಸ್ತಾರೆ. ಪಾಸು ಮಾತ್ರ ಬೇರೆಯವರು ಮಾಡಿಸ್ಬೇಕು” ಎಂದಿದ್ದರು. ಯಾರು ಯಾರು ನಕ್ಕರೆಂಬುದು, ಅವರು ಕುಳಿತಿದ್ದ ಕುರ್ಚಿಗಳ ಸಮೇತ ನನಗೆ ನೆನಪಿದೆ. ಭಾಷಣ ಮಾಡಿದ ಆ ಮಹಾಶಯರು ಮುಂದೆ ಟ್ಯೂಷನ್ ಕೇಂದ್ರ ತೆರೆದರು. ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದರೆ, ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕಿ, ಆ ಸಾಲನ್ನು ಹಾಗೆಯೇ ಇಳಿಸಬೇಕು. ಇದು ಅವರ ವಿದ್ಯೆ.

ಆ ವಿದ್ಯೆಯನ್ನು ನಂಬಿ ಹತ್ತನೆಯ ತರಗತಿಯ ಕನ್ನಡದಲ್ಲಿ ನಪಾಸಾದ ಹುಡುಗಿಯೊಬ್ಬಳು, ನಾನೀಗ ವಾಸವಿರುವ ಹೊಸಬಾಳೆಯಲ್ಲಿ ನನ್ನ ಬಳಿ ಪಾಠಕ್ಕೆ ಬಂದಳು. ಕುರಿ ಸಾಕುವ ಮನೆಯವಳು. ಮರುಪರೀಕ್ಷೆಯಲ್ಲಿ ಪಾಸಾದರೆ ಶಿಕಾರಿಪುರದಲ್ಲಿ ಪಿಯುಸಿ. ಇಲ್ಲವಾದರೆ ಓದು ಅಲ್ಲಿಗೇ ಮುಗಿಯಿತೆಂದು ಅವಳ ತಂದೆ ಹೇಳಿಯಾಗಿತ್ತು.

ಮೊದಲ ದಿನ ಹಳೆಯ ಗದ್ಯಭಾಗವೊಂದನ್ನು ಕೊಟ್ಟೆ. “ಅಂಗಡಿ ಮುಚ್ಚುವಾಗ ಅಜ್ಜಿ ತಕ್ಕಡಿಯನ್ನು ಒಳಗಿಡುತ್ತಿದ್ದಳು, ಬೆಂಚನ್ನು ಹೊರಗೇ ಬಿಡುತ್ತಿದ್ದಳು. ಕೊನೆಯ ಬಸ್ಸು ಯಾವಾಗಲೂ ತಡವಾಗಿ ಬರುತ್ತಿತ್ತು.” ಅಜ್ಜಿ ಬೆಂಚನ್ನು ಹೊರಗೆ ಬಿಡುತ್ತಿದ್ದುದೇಕೆ ಎಂಬುದು ಪ್ರಶ್ನೆ. ಹುಡುಗಿ ಸ್ಕೇಲಿಟ್ಟು ಮೊದಲ ಸಾಲಿಗೆ ಗೆರೆ ಎಳೆದು, ಅದನ್ನೇ ಅಂದವಾಗಿ ಇಳಿಸಿದಳು.

“ಇದು ಉತ್ತರವೇ?”

“ಬೆಂಚು ಅಂತ ಅದೊಂದೇ ಸಾಲಲ್ಲಿ ಐತಲ್ರೀ ಅಕ್ಕೋರೆ.”

ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ. ಪೆನ್ನು ಕೆಳಗಿಡಿಸಿ, ಬೆಳಿಗ್ಗೆ ಕುರಿಗಳನ್ನು ಯಾವ ಕಡೆ ಹೊಡೆದುಕೊಂಡು ಹೋದೆಯೆಂದು ಕೇಳಿದೆ.

“ಕೆರೆ ಕಡೆ ಹೋಗ್ಲಿಲ್ರೀ. ಬೇರೆಯವರ ಮಂದೆ ಆಗ್ಲೇ ಹೋಗಿತ್ತು.”

“ನೀನು ಆ ಮಂದೆಯನ್ನು ಕಂಡೆಯಾ?”

“ಇಲ್ಲ. ದಾರಿ ಮೇಲೆ ಹಿಕ್ಕೆ ಹಸೀದಿತ್ತು.”

“ಮಂದೆ ಹೋಯಿತೆಂದು ಹಿಕ್ಕೆಯ ಮೇಲೆ ಬರೆದಿತ್ತೇ?”

ಅವಳು ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ, ನಾನು ಹೇಳದೆಯೇ ಗದ್ಯವನ್ನು ಮತ್ತೆ ಓದಿದಳು. “ಬಸ್ ಕಾಯೋರು ಕೂತ್ಕಳ್ಳಲಿ ಅಂತ” ಎಂದಳು. ಆಧಾರ ಕೇಳಿದಾಗ ಬೆರಳು ಬಸ್ಸಿನ ಸಾಲಿಗೆ ಹೋಯಿತು. ಅಷ್ಟಕ್ಕೇ ನಿಲ್ಲಲಿಲ್ಲ. “ತಕ್ಕಡಿ ನೆನಪಿಟ್ಟು ಒಳಗಿಡ್ತಾಳೆ. ಅಂದ್ಮೇಲೆ ಬೆಂಚು ಮರೆತು ಬಿಟ್ಟಿದ್ದಲ್ರೀ ಅದು.”

ಆ ಗದ್ಯಭಾಗವನ್ನು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ, ಉತ್ತರಪತ್ರಿಕೆಗಳನ್ನು ತಿದ್ದಿದ್ದೇನೆ. ತಕ್ಕಡಿಯ ಮಾತು ನನಗೆ ಹೊಳೆದಿರಲಿಲ್ಲ. ನನ್ನ ಹಳೆಯ ಟಿಪ್ಪಣಿಯಲ್ಲಿ ಅದನ್ನು ಆ ದಿನವೇ ಸೇರಿಸಿದೆ.

ಅಂದಿನಿಂದ ಒಂದೇ ನಿಯಮ: ಉತ್ತರ ಅವಳ ಮಾತಿನಲ್ಲಿ, ಆಧಾರ ಗದ್ಯದಲ್ಲಿ. ಪದ್ಯಕ್ಕೂ ಅದೇ. ಕವಿ ಏನನ್ನು ಹೇಳಿಲ್ಲ, ಆದರೂ ನಮಗೆ ಹೇಗೆ ತಿಳಿಯಿತು ಎಂದು ಅವಳೇ ನನ್ನನ್ನು ಕೇಳತೊಡಗಿದಳು. ಕೆಲವೊಮ್ಮೆ ನಾನು ತಡವರಿಸಿದೆ.

ಅವಳು ಪಾಸಾದಳು. ಕಾಲೇಜಿಗೆ ಅರ್ಜಿ ಕೊಡಲು ಜೊತೆಯಾಗಿ ಹೋದಾಗ, ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಅದೇ ಮಹಾಶಯರು ಎದುರಾದರು.

“ಪಾಸ್ ಮಾಡಿಸೇಬಿಟ್ರಂತೆ. ಯಾವ ಗೈಡ್ ಕೊಟ್ರಿ ಅಕ್ಕೋರೆ?”

ಇಷ್ಟು ವರ್ಷ ಸಿದ್ಧಪಡಿಸಿಟ್ಟಿದ್ದ ಉತ್ತರವೊಂದು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಹುಡುಗಿಯೇ ಹೇಳಿದಳು: “ಗೈಡ್ ಇಲ್ರೀ ಸಾರ್. ಮುಂದಿನ ಸಾಲನ್ನೂ ಓದಿದ್ವಿ.”

ಅವರನ್ನು ನಾನು ಕ್ಷಮಿಸಿಲ್ಲ. ಆದರೆ ನನ್ನ ಉತ್ತರ ಇನ್ನು ಬೇಕಾಗಿರಲಿಲ್ಲ. ಅರ್ಜಿ ನಮೂನೆಯನ್ನು ಅವಳ ಕೈಗೆ ಕೊಟ್ಟೆ. ಪ್ರತಿ ಸಾಲನ್ನೂ ಎರಡೆರಡು ಸಲ ಓದಿ, ಅವಳೇ ತುಂಬಿದಳು.