ತಗಡಿನ ಮೇಲೆ ಮಣ್ಣು

ಇದು ಆಗುವ ಮಾತಲ್ಲ ಎಂದವನು ನನ್ನ ಸೋದರಮಾವ ಶರಣಪ್ಪ. ‘ಹೋಳಿ ತಿಂಗಳದಾಗ ಮುಂಬಯಿಗಿ ಮಳಿ ಬರೂದೂ ಇಲ್ಲ, ನೀ ಬಿ.ಎ. ಪಾಸಾಗೂದೂ ಇಲ್ಲ. ಎರಡೂ ರೇಡಿಯೋದಾಗ ಕೇಳ್ಲಾಕ ಛಲೋ’ ಎಂದು ಮುಂಬಯಿ ಪಕ್ಕದ ದಿವಾದ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಹೇಳಿದ್ದ.

ಮೊನ್ನೆ ಫೋನು ಕುಂಯ್‌ಗುಟ್ಟಿದಾಗ ಆ ಮಾತು ನೆನಪಾಯಿತು. ಠಾಣೆ, ಕಲ್ಯಾಣ, ನವಿ ಮುಂಬಯಿಯಲ್ಲಿ ರಾತ್ರಿ ಗುಡುಗು, ಬಿರುಗಾಳಿ, ಮಳೆ ಎಂಬ ಎಚ್ಚರಿಕೆ ಬಂದಿತ್ತು. ತಿಂಗಳು ಮಾರ್ಚ್. ಮಗ ಅದನ್ನು ಓದಿ, ಕಿಟಕಿ ಎಳೆದು ಮಲಗಲು ಹೋದ. ನಿಮ್ಮ ಮನೆಯಲ್ಲೂ ಹೀಗೇ ಇರಬೇಕು. ಸಿಮೆಂಟಿನ ಸೂರಿನ ಕೆಳಗೆ ಹುಟ್ಟಿದವರಿಗೆ ಹವಾಮಾನವೆಂದರೆ ಒಣಗಿದ ಬಟ್ಟೆ ಒಳಗೆ ತರುವ ಕೆಲಸ, ಅಷ್ಟೆ.

ಆಗ ನಮ್ಮದು ತಗಡಿನ ಸೂರು. ತೊಂಬತ್ತರ ದಶಕದ ದಿವಾದಲ್ಲಿ ಸ್ಟೇಷನ್ನಿಂದ ಖಾಡಿಯವರೆಗೆ ಅಂಥವೇ ಮನೆಗಳ ಸಾಲು. ಕಲಬುರಗಿ ಕಡೆಯ ಹಳ್ಳಿಯಿಂದ ಬಂದ ಅಪ್ಪ ಮತ್ತು ಮಾಮಾ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ನಾನು ಹಗಲೆಲ್ಲ ಮಹಾಪೆಯ ಒಂದು ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿ, ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಓದಿ, ಕಾಲೇಜಿಗೆ ಹೋಗದೆ ಪರೀಕ್ಷೆಗೆ ಕಟ್ಟುತ್ತಿದ್ದ ಹುಡುಗಿ. ನಮ್ಮ ಮನೆತನದಲ್ಲಿ ಅಷ್ಟು ದೂರ ಓದಿದವರು ನನಗಿಂತ ಮುಂಚೆ ಯಾರೂ ಇಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಈ ವಿಷಯದಲ್ಲಿ ವಿನಯ ನನಗೆ ಒಗ್ಗುವುದಿಲ್ಲ.

ಮಾಮಾ ಆ ಮಾತು ಹೇಳಿದ ಮರುದಿನವೇ ಕಲ್ಯಾಣದಲ್ಲಿ ನನ್ನ ಕಡೆಯ ವರ್ಷದ ಕಡೆಯ ಪೇಪರು. ರಜೆ ಕೊಡುವಾಗ ಸೂಪರ್‌ವೈಸರ್ ‘ಅಗಲೇ ಸಾಲ್ ಫಿರ್ ಛುಟ್ಟಿ ಮಾಂಗೇಗೀ ತೋ ಘರ್ ಬೈಠ್’ ಎಂದಿದ್ದ, ಮುಂದಿನ ವರ್ಷ ಮತ್ತೆ ರಜೆ ಕೇಳಿದರೆ ಮನೆಯಲ್ಲೇ ಕೂರು ಎಂದು. ಪೇಪರು ತಪ್ಪಿದರೆ ಮುಂದಿನ ವರ್ಷ ಬರೆಯಬಹುದಿತ್ತು, ಆದರೆ ಕೆಲಸ ಬಿಟ್ಟು. ಕೆಲಸ ಬಿಡುವುದು ನಮ್ಮ ಮನೆಗೆ ಸಾಧ್ಯವಿರಲಿಲ್ಲ.

ಅಂಥ ಸಂಜೆ ರೇಡಿಯೊದ ಮರಾಠಿ ವಾರ್ತೆಯಲ್ಲಿ ರಾತ್ರಿ ಬಿರುಗಾಳಿ ಮಳೆಯೆಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಮಾಮಾ ನಕ್ಕ. ಅಪ್ಪ ನಗಲಿಲ್ಲ. ಅಪ್ಪನಿಗೆ ರೇಡಿಯೊ ಎಂದರೆ ಸರ್ಕಾರವೇ ಬಾಯಿಬಿಟ್ಟು ಹೇಳಿದ ಹಾಗೆ.

ನಮ್ಮೂರಿನವು ಮಣ್ಣಿನ ಮಾಳಿಗೆಯ ಮನೆಗಳು. ಮಳೆಗೆ ಮುಂಚೆ ಉಪ್ಪು ಮಣ್ಣು ತಂದು ಮಾಳಿಗೆಯ ಮೇಲೆ ಹರವಿ ತುಳಿಯುತ್ತಾರೆ. ಆಮೇಲೆ ಹನಿ ಸೋರುವುದಿಲ್ಲ. ಸಮುದ್ರದ ನೀರು ಬಂದುಹೋಗುವ ದಿವಾದ ಖಾಡಿಯಲ್ಲಿ ಉಪ್ಪು ಮಣ್ಣಿಗೆ ಬರವೆ? ಅಪ್ಪ ಬುಟ್ಟಿ ಹೊತ್ತ, ಅವ್ವ ಹೊತ್ತಳು, ನಾನೂ ಪುಸ್ತಕ ಮುಚ್ಚಿಟ್ಟು ಹೊತ್ತೆ. ಮಾಳಿಗೆಯೇ ಬೇರೆ, ತಗಡೇ ಬೇರೆ ಎಂದು ಬಿ.ಎ.ವರೆಗೆ ಓದಿದ ನನಗೂ ಹೊಳೆಯಲಿಲ್ಲ ನೋಡಿ.

ಹೊಳೆದದ್ದು ಪಕ್ಕದ ಮನೆಯ ಸಂಜೀವಣ್ಣನಿಗೆ. ಉಡುಪಿ ಕಡೆಯವರು, ಡೊಂಬಿವಲಿಯ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು.

‘ಎಂತ ಮಾರಾಯ್ರೆ, ತಗಡಿನ ಮೇಲೆ ಗದ್ದೆ ಮಾಡ್ತಿದ್ದೀರಾ? ನೇಜಿ ಯಾವಾಗ ನೆಡುವುದು?’

‘ಗಾಳಿಗಿ ತಗಡ ಹಾರಬಾರ್ದ್ರೀ ಅಣ್ಣಾರ. ಮ್ಯಾಲ ವಜನ್ ಬೇಕು,’ ಎಂದ ಅಪ್ಪ.

‘ಆಯ್ತು. ಬೆಳೆ ಬಂದ್ರೆ ಒಂದು ಸೇರು ಅಕ್ಕಿ ನಮಗೂ ಇರಲಿ.’

ಮಾಮಾ ಕೂತಲ್ಲಿಂದ ಏಳಲಿಲ್ಲ. ಬುಟ್ಟಿಯನ್ನು ಮುಟ್ಟಲೂ ಇಲ್ಲ.

ರಾತ್ರಿ ಗಾಳಿ ಎದ್ದಾಗ ಸಂಜೀವಣ್ಣನ ಮನೆಯ ತಗಡುಗಳು ಕಿತ್ತು ರೈಲು ಹಳಿಯ ಕಡೆ ಹಾರಿದವು. ನಮ್ಮದು ಮಿಸುಕಲಿಲ್ಲ. ಅಪ್ಪ ಮೀಸೆಯೊಳಗೇ ನಕ್ಕ. ಆಮೇಲೆ ಮಳೆ ಬಂತು. ಮೇಲಿನ ಮಣ್ಣು ನೆಂದು, ಮೊಳೆಯ ಒಂದೊಂದು ತೂತಿನಿಂದಲೂ ಕೆಸರಾಗಿ ಇಳಿಯತೊಡಗಿತು: ಹಾಸಿಗೆಯ ಮೇಲೆ, ಸ್ಟೋವಿನ ಮೇಲೆ, ಪರೀಕ್ಷೆಗೆಂದು ಒಗೆದು ಹಗ್ಗಕ್ಕೆ ಹಾಕಿದ್ದ ನನ್ನ ಪಂಜಾಬಿ ಡ್ರೆಸ್ಸಿನ ಮೇಲೆ. ನಮ್ಮಲ್ಲಿ ಆಸರೆಗೆ ಬಂದಿದ್ದ ಸಂಜೀವಣ್ಣ ತಲೆಯ ಮೇಲೆ ಪಾತೇಲಿ ಹಿಡಿದುಕೊಂಡು, ‘ನಮ್ಮಲ್ಲಿ ನೀರು ಬೀಳ್ತದೆ, ನಿಮ್ಮಲ್ಲಿ ಗದ್ದೆಯೇ ಬೀಳ್ತದಲ್ಲ’ ಎಂದರು. ಅವ್ವ ನನ್ನ ಹಾಲ್ ಟಿಕೆಟನ್ನು ಹಿಟ್ಟಿನ ಡಬ್ಬಿಗೆ ಹಾಕಿ, ಡಬ್ಬಿಯ ಮೇಲೆ ತಾನೇ ಬಾಗಿ ಕೂತಳು.

ಬೆಳಿಗ್ಗೆ ಲೋಕಲ್ ಗಾಡಿಗಳು ನಿಂತುಹೋಗಿದ್ದವು. ಮೇಲಿನ ತಂತಿ ಹರಿದಿದೆ, ಯಾವಾಗ ಸರಿಯಾಗುತ್ತದೋ ಗೊತ್ತಿಲ್ಲ ಎಂದರು. ಕೆಸರಿನ ಕಲೆಯ ಡ್ರೆಸ್ಸು ಹಾಕಿಕೊಂಡು ನಾನು ಪ್ಲಾಟ್‌ಫಾರ್ಮಿನಲ್ಲಿ ಕೂತೆ. ಅಳಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಅತ್ತದ್ದು ನಿಜ. ಅಲ್ಲಿಗೆ ಮಾಮಾ ಬಂದ.

‘ಕೂತರ ಗಾಡಿ ಬರ್ತದೇನು? ಏಳು.’

ಶಿಳ್‌ಫಾಟಾದ ಕೂಡುರಸ್ತೆಯವರೆಗೆ ಅವನ ಹಿಂದೆ ಹೆಚ್ಚುಕಡಿಮೆ ಓಡಿದೆ. ಕಳಂಬೋಲಿಯಿಂದ ಕಲ್ಯಾಣಕ್ಕೆ ಹೋಗುವ ಕಬ್ಬಿಣದ ಲಾರಿಗಳು ಆ ದಾರಿಯಲ್ಲೇ ಬರುತ್ತಿದ್ದವು. ಅವಕ್ಕೆ ಮಾಲು ತುಂಬುತ್ತಿದ್ದವನು ಮಾಮಾ, ಡ್ರೈವರುಗಳೆಲ್ಲ ಗುರುತಿನವರು. ಅವನು ರಸ್ತೆಯ ನಡುವೆ ನಿಂತು ಒಂದು ಲಾರಿಗೆ ಕೈ ಅಡ್ಡ ಹಾಕಿದ.

‘ಉಸ್ತಾದ್, ಮೇರೀ ಭಾಂಜೀ ಹೈ. ಬಿ.ಎ. ಕಾ ಪೇಪರ್ ಹೈ. ಕಲ್ಯಾಣ್ ತಕ್ ಛೋಡ್ ದೇ.’

ಕ್ಯಾಬಿನ್ ಹತ್ತಿದ ಮೇಲೆ ನಾನು ಬಗ್ಗಿ ಕೇಳಿದೆ: ‘ಆಗಂಗಿಲ್ಲ ಅಂದಿದ್ದಿಯಲ್ಲ ಮಾಮಾ?’

‘ಮಳಿ ಬಂತಲ್ಲ,’ ಎಂದು ಅವನು ಬಾಗಿಲು ಹಾಕಿದ.

ಗಂಟೆ ಹೊಡೆಯುವ ಮೊದಲು ಬೆಂಚಿನಲ್ಲಿದ್ದೆ. ಪಾಸಾದೆ, ಸೆಕೆಂಡ್ ಕ್ಲಾಸಿನಲ್ಲಿ.

ಈ ಮಣ್ಣಿನ ಕತೆಯನ್ನು ಆಫೀಸಿನಲ್ಲಿ ನಗಿಸಲು ಎಷ್ಟೋ ಸಲ ಹೇಳಿದ್ದೇನೆ. ಮೊನ್ನೆ ಗುಡುಗಿಗೆ ಎದ್ದು ಬಂದ ಮಗನಿಗೂ ಹೇಳಿದೆ. ಅವನು ನಗದೆ, ‘ಮಗ್ ಪತ್ರಾ ಉಡಾಲಾ ಕಾ?’ ಎಂದು ಕೇಳಿದ. ತಗಡು ಹಾರಿತೇ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ‘ಇಲ್ಲ, ಹಾರಲಿಲ್ಲ’ ಎಂದೆ. ಹೇಳಿದ ಮೇಲೆ ನನಗೂ ನಗು ಬರಲಿಲ್ಲ. ಹೊರಗೆ ಮಳೆ ಹೊಡೆಯುತ್ತಿತ್ತು. ಇನ್ನು ಅರ್ಧಕ್ಕೆ ನಿಲ್ಲಿಸಬಾರದೆನಿಸಿ, ಸರ್ಟಿಫಿಕೇಟು ಕೈಗೆ ಬಂದ ದಿನದ್ದನ್ನೂ ಅವನಿಗೆ ಹೇಳಿದೆ.

ಅಂದು ನಾನು ಮನೆಗೆ ಹೋಗದೆ ನೇರ ಕಳಂಬೋಲಿಗೆ ಹೋದೆ. ಮಾಮಾ ತುಕ್ಕು ಹಿಡಿದ ಸರಳುಗಳನ್ನು ಇಳಿಸುತ್ತಿದ್ದ. ಸುತ್ತ ಹಮಾಲರು, ಡ್ರೈವರುಗಳು. ನಾನು ಸರ್ಟಿಫಿಕೇಟು ಬಿಚ್ಚಿ ಅವನಿಗೆ ಚಾಚಿದೆ. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಸರಿಸಿಕೊಂಡ.

‘ಬ್ಯಾಡವ್ವ, ನನ್ನ ಕೈಗಿ ಜಂಗ್ ಹತ್ಯಾದ. ನೀನೇ ಹಿಡಿ,’ ಎಂದ. ಮತ್ತೆ ಸುತ್ತ ನೋಡಿ, ‘ಸ್ವಲ್ಪ ಮ್ಯಾಲ ಹಿಡಿ. ಇವ್ರಿಗೂ ಕಾಣ್ಲಿ.’